ಈ ಏಡಿ ನಮ್ಮ ಹೊಳೇದಲ್ಲ

ಉತ್ತರ ಕನ್ನಡದ ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯನ್ನು ಉಳಿಸುವ ಮಾತು ಜನರಿಗೆ ಮುಟ್ಟಿಸಲು, ಅಲ್ಲಿನ ಒಂದು ಊರಲ್ಲಿ ನಾವು ಮೊದಲು ಮಾಡಿದ್ದು ಗೋಡೆ ಚಿತ್ರ. ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಕೊಕ್ಕರೆ, ಏಡಿ, ಕೆಳಗೆ ದೊಡ್ಡಕ್ಷರದಲ್ಲಿ 'ಉಳಿಸಿ' ಅಂತ. ಕೆಸರಿನಲ್ಲಿ ಸಿಗುವ ಚಿಪ್ಪುಜೀವಿ ಬಳಚನ್ನು ಹೆಕ್ಕಿ ಬರುತ್ತಿದ್ದ ಒಬ್ಬ ಅಮ್ಮ ಬುಟ್ಟಿ ಇಳಿಸಿ ನೋಡಿದರು. "ಚಲೋ ಬರ್ದೀರಿ ತಮ್ಮಾ, ಆದ್ರೆ ಈ ಏಡಿ ನಮ್ಮ ಹೊಳೇದಲ್ಲ" ಅಂದರು. ನಿಜ. ಅದು ನೆಟ್‌ನಿಂದ ಇಳಿಸಿದ ಕೆಂಪು ಏಡಿ. ನಾವು ತಿನ್ನುವ ಕೆಸರೇಡಿ ಕೆಂಪಾಗುವುದು ಬೆಂದ ಮೇಲೆ ತಾನೆ!

ನಾವು ಹೇಳಬೇಕಾದ್ದನ್ನು ಗೋಡೆಗೆ ಬಳಿಯುವುದು ಸುಲಭ. ಊರಿನವರು ನಮಗೆ ಹೇಳಬೇಕಾದ್ದಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಆಮೇಲೆ ತಾಳಮದ್ದಲೆ ಹಿಡಿದೆವು, ಅಂದರೆ ಕೂತು ಮಾತಲ್ಲೇ ವಾದ ಮಾಡುವ ಯಕ್ಷಗಾನ. ವೇಷ ಬೇಡ, ಖರ್ಚು ಕಡಿಮೆ. ಅದಕ್ಕಿಂತ ಜಾಸ್ತಿ, ಅಲ್ಲಿ ಎದುರಾಳಿಗೂ ಪೂರ್ತಿ ಮಾತಾಡುವ ಹಕ್ಕಿದೆ. ಕಾಂಡ್ಲಾ, ಬಳಚು ಮತ್ತು ಕಗ್ಗ ಭತ್ತ, ಮೂರೇ ಪಾತ್ರ. ಕಗ್ಗ ಅಂದರೆ ಗಜನಿಯಲ್ಲಿ, ಅಂದರೆ ಅಳಿವೆ ಬದಿಯ ಉಪ್ಪುನೀರಿನ ಗದ್ದೆಯಲ್ಲಿ, ಮಳೆ ಉಪ್ಪು ತೊಳೆದ ಮೇಲೆ ಬೆಳೆಯುವ, ಸ್ವಲ್ಪ ಉಪ್ಪನ್ನೂ ನಿಂತ ನೀರನ್ನೂ ತಡೆದುಕೊಳ್ಳುವ ತಳಿ. ಕಗ್ಗದ ಪಾತ್ರವಾಗಿ ಅರ್ಥ ಹೇಳಿದ್ದು, ಅಂದರೆ ಮಾತಾಡಿದ್ದು, ಒಬ್ಬ ಹಿರಿಯ ರೈತರು. ಕಾಂಡ್ಲಾಕ್ಕೆ ಅವರ ಮಾತು: "ಕಟ್ಟೆ ಒಡೆದು ಉಪ್ಪುನೀರು ನುಗ್ಗಿತು, ನಾನು ಸತ್ತೆ. ನನ್ನ ಜಾಗದಲ್ಲಿ ನೀನು ಬಂದು ಕೂತೆ. ನಿನ್ನ ಫೋಟೊ ತೆಗೆಯಲು ಎಲ್ಲೆಲ್ಲಿಂದಲೋ ಬರುತ್ತಾರೆ, ನನ್ನನ್ನು ಕೇಳುವವರು ಯಾರು?" ಕಾಂಡ್ಲಾ ಪಾತ್ರದ ಹುಡುಗ ಕ್ಷಣ ತಡವರಿಸಿ, "ಕಟ್ಟೆ ಒಡೆದದ್ದು ನಾನಲ್ಲ, ಮಣ್ಣು ಹಾಕದೆ ಬಿಟ್ಟವರನ್ನು ಕೇಳು" ಅಂದ. ಬಳಚು ಮಾತ್ರ ಇಬ್ಬರನ್ನೂ ಬಿಡಲಿಲ್ಲ: "ನನ್ನ ಕೆಸರಿನ ಮೇಲೆ ಗಿಡ ನೆಟ್ಟವರು ಯಾರು?"

ನೆಟ್ಟವರು ನಾವೇ. ಮುಂದಿನ ವರ್ಷದಿಂದ ಬಳಚು ಹೆಕ್ಕುವ ಜಾಗದಲ್ಲಿ ಸಸಿ ನೆಡುವುದನ್ನು ಬಿಟ್ಟೆವು.

2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, ಕರ್ನಾಟಕ ಕರಾವಳಿಯಲ್ಲಿ ಮೊದಲನೆಯದು. ಆಗ ಹುಟ್ಟಿದ ಭಯ, "ಇನ್ನು ಹೊಳೆಗೆ ಇಳಿಯೋದು ಬಂದ್ ಆಗ್ತದಾ?" 1971ರಲ್ಲಿ ಇರಾನಿನ ರಾಮ್ಸಾರ್ ಊರಲ್ಲಿ ಆದ ಆ ಒಪ್ಪಂದ ಬಳಸಲೇಬೇಡಿ ಅನ್ನುವುದಿಲ್ಲ, ಅರಿತು ಬಳಸಿ ಅನ್ನುತ್ತದೆ. ಇದನ್ನು ಕರಪತ್ರದಲ್ಲಿ ಹಾಕಿದರೆ ಯಾರೂ ನಂಬರು. ಹಾಗಾಗಿ ಆ ಪ್ರಶ್ನೆಯನ್ನೂ ಬಳಚಿನ ಬಾಯಲ್ಲೇ ಇಟ್ಟೆವು.

ಈ ಕೆಲಸ ಶುರು ಮಾಡುವವರಿಗೆ ಒಂದು ಮಾತು. ಭಾನುವಾರ ನೋಡಿ ತಾಳಮದ್ದಲೆಗೆ ದಿನ ಇಡಬೇಡಿ, ಪಂಚಾಂಗ ನೋಡಿ. ಅಷ್ಟಮಿ ಹತ್ತಿರ ನೀರು ಅಷ್ಟಾಗಿ ಇಳಿಯುವುದಿಲ್ಲ, ಇಳಿತದಲ್ಲಿ ಬಳಚು ಹೆಕ್ಕುವ ಹೆಂಗಸರಿಗೆ ಸ್ವಲ್ಪ ಬಿಡುವು. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನ ಇಳಿತದ ಹೊತ್ತಿಗೆ ಇಟ್ಟರೆ ಖಾಲಿ ಕುರ್ಚಿಗೆ ಅರ್ಥ ಹೇಳಬೇಕಾದೀತು.