ಬೀಟ್ ಸೇರಿಸುವುದಲ್ಲ, ಹಾಡು ಬಿಚ್ಚುವುದು

ಮಿಕ್ಸಿಂಗ್‌ಗೆಂದು ನಮ್ಮ ಬೆಂಗಳೂರಿನ ಸ್ಟುಡಿಯೋಕ್ಕೆ ಬರುವ ರಾಕ್ ತಂಡಗಳಲ್ಲಿ ಹಲವು, ಮೊಬೈಲಿನಲ್ಲಿ ಪ್ರೈಮಲ್ ಸ್ಕ್ರೀಮ್ ತಂಡದ ‘ಲೋಡೆಡ್’ ಕೇಳಿಸಿ, ತಮ್ಮ ಹಾಡಿನ ಕೆಳಗೂ ಅಂಥದ್ದೇ ಒಂದು ಡಾನ್ಸ್ ಬೀಟ್ ಕೂರಿಸಿಕೊಡಬೇಕೆಂದು ಕೇಳುತ್ತವೆ. ಕೂರಿಸುವುದು ಕಷ್ಟವೇನಲ್ಲ. ಆದರೆ ಅವರು ಮೆಚ್ಚಿದ ಹಾಡು ಹಾಗೆ ಹುಟ್ಟಿದ್ದಲ್ಲವೆಂದು ಎಷ್ಟು ಸಲ ಹೇಳಿದರೂ, ಮುಂದಿನ ತಂಡ ಅದೇ ಬೇಡಿಕೆ ಹೊತ್ತು ಬರುತ್ತದೆ.

ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1982ರಲ್ಲಿ ಹುಟ್ಟಿದ ಈ ತಂಡ ಮೊದಲ ಏಳೆಂಟು ವರ್ಷ ಗಿಟಾರ್ ತಂಡವಾಗಿಯೇ ಇತ್ತು. ಗಾಯಕ ಬಾಬಿ ಗಿಲೆಸ್ಪಿ ನಡುವೆ ಜೀಸಸ್ ಆ್ಯಂಡ್ ಮೇರಿ ಚೈನ್ ತಂಡಕ್ಕೆ ನಿಂತುಕೊಂಡೇ ಡ್ರಮ್ ಬಾರಿಸಿದವರು. 1987ರ ಮೊದಲ ಆಲ್ಬಮ್ ಅರವತ್ತರ ದಶಕದ ಇಂಪಿನ ಗಿಟಾರನ್ನು ಹಿಂಬಾಲಿಸಿತು, 1989ರ ಎರಡನೆಯದು ಒರಟು ರಾಕ್‌ಗೆ ಹೊರಳಿತು. ಎರಡಕ್ಕೂ ದೊಡ್ಡ ಸ್ವಾಗತವೇನೂ ಸಿಗಲಿಲ್ಲ. ಗಿಲೆಸ್ಪಿಯ ಶಾಲಾದಿನಗಳ ಗೆಳೆಯ ಅಲನ್ ಮೆಗೀ ತಮ್ಮ ಕ್ರಿಯೇಷನ್ ಎಂಬ ರೆಕಾರ್ಡ್ ಸಂಸ್ಥೆಯಲ್ಲಿ ತಂಡವನ್ನು ಉಳಿಸಿಕೊಂಡರು. ನನ್ನ ದೃಷ್ಟಿಯಲ್ಲಿ ಆ ತಾಳ್ಮೆಯೂ ತಂಡದ ಮುಂದಿನ ಏಳಿಗೆಯ ಒಂದು ಕಾರಣವೇ.

ಎರಡನೆಯ ಆಲ್ಬಮ್ಮಿನಲ್ಲಿ ‘ಐ ಆಮ್ ಲೂಸಿಂಗ್ ಮೋರ್ ದ್ಯಾನ್ ಐ ವಿಲ್ ಎವರ್ ಹ್ಯಾವ್’ ಎಂಬ ನಿಧಾನಗತಿಯ ಹಾಡೊಂದಿದೆ. ‘ಲೋಡೆಡ್’ ಹುಟ್ಟಿದ್ದು ಅದರಿಂದಲೇ. ಆಸಿಡ್ ಹೌಸ್ ಎಂಬ ಎಲೆಕ್ಟ್ರಾನಿಕ್ ಡಾನ್ಸ್ ಸಂಗೀತದ ಕ್ಲಬ್ಬುಗಳ ಡಿಜೆ ಆ್ಯಂಡ್ರ್ಯೂ ವೆದರಾಲ್ ಅದನ್ನು ರೀಮಿಕ್ಸ್ ಮಾಡಲು, ಅಂದರೆ ಹೊಸ ರೂಪದಲ್ಲಿ ಮರುಜೋಡಿಸಲು, ಒಪ್ಪಿದಾಗ ಅವರಿಗೆ ಸ್ಟುಡಿಯೋ ಅನುಭವ ಅಷ್ಟಾಗಿ ಇರಲಿಲ್ಲ. ಅವರ ಮೊದಲ ಪ್ರಯತ್ನ ಮೂಲಕ್ಕೆ ತೀರಾ ವಿಧೇಯವಾಗಿತ್ತೆಂದೂ, ಗಿಟಾರ್ ವಾದಕ ಆ್ಯಂಡ್ರ್ಯೂ ಇನ್ಸ್ ಅದನ್ನು ಒಪ್ಪದೆ, ಹಾಡನ್ನು ಧ್ವಂಸ ಮಾಡಿಬಿಡು ಎಂದರೆಂದೂ ಪ್ರತೀತಿ. ನಮ್ಮ ತಂಡಗಳು ನನ್ನಿಂದ ಬಯಸುವುದು ತಿರಸ್ಕೃತವಾದ ಆ ಮೊದಲ ಪ್ರಯತ್ನವನ್ನೇ.

ಎರಡನೆಯ ಸಲ ವೆದರಾಲ್ ಮಾಡಿದ್ದೇನೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೂಲ ಹಾಡಿನ ಪಲ್ಲವಿ, ಚರಣ, ಪ್ರೇಮಭಂಗದ ಕಥೆ ಎಲ್ಲವನ್ನೂ ಕಿತ್ತೆಸೆದು, ಕೊನೆಯಲ್ಲಿ ವಾದ್ಯಗಳು ಬಿಚ್ಚಿಕೊಂಡು ನುಡಿಯುವ ಭಾಗವನ್ನಷ್ಟೇ, ಅಂದರೆ ಕಹಳೆ, ಪಿಯಾನೋ, ಸ್ಲೈಡ್ ಗಿಟಾರುಗಳನ್ನು, ಉಳಿಸಿಕೊಂಡರು. ಗಾಯಕಿ ಈಡೀ ಬ್ರಿಕೆಲ್ ಅವರ ಹಾಡೊಂದರ ಇಟಾಲಿಯನ್ ಕಳ್ಳಪ್ರತಿಯಿಂದ ಡ್ರಮ್ ಲೂಪ್, ಅಂದರೆ ಮತ್ತೆ ಮತ್ತೆ ಸುತ್ತುವ ಡ್ರಮ್ ತುಣುಕು, ಬಂತು. 1966ರ ಬೈಕರ್ ಚಿತ್ರವೊಂದರಿಂದ ನಟ ಪೀಟರ್ ಫೋಂಡಾ ಅವರ ಮಾತು ಬಂತು. ಗಿಲೆಸ್ಪಿಯ ಧ್ವನಿ ಹೆಸರಿಗಷ್ಟೇ ಉಳಿಯಿತು. ವೇಗವೂ ನಮ್ಮವರು ಊಹಿಸುವಷ್ಟಿಲ್ಲ, ನಿಮಿಷಕ್ಕೆ ನೂರು ತಾಳದ ಆಸುಪಾಸು. ನನ್ನನ್ನು ನಿಮಿಷಕ್ಕೆ 128 ತಾಳ ಕೇಳುವವರಿಗೆ ಇದನ್ನು ಎಣಿಸಿ ತೋರಿಸಿದ್ದೂ ಇದೆ. 1990ರ ಫೆಬ್ರವರಿಯಲ್ಲಿ ‘ಲೋಡೆಡ್’ ಹೆಸರಿನಲ್ಲಿ ಹೊರಬಂದ ಆ ರೂಪ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 16ನೆಯ ಸ್ಥಾನಕ್ಕೇರಿತು.

ಒಮ್ಮೆ ಬಹಳ ಸಂಭಾವಿತ ಹುಡುಗನೊಬ್ಬ, ಏನನ್ನು ಬೇಕಾದರೂ ಬದಲಿಸಿ, ತನ್ನ ಗಿಟಾರ್ ಸೋಲೋ ಮತ್ತು ಎರಡೂ ಚರಣಗಳನ್ನು ಮಾತ್ರ ಮುಟ್ಟಬೇಡಿ ಎಂದಿದ್ದ. ಹಾಗೆ ನೋಡಿದರೆ ಬದಲಿಸಲು ಉಳಿದದ್ದು ಹಾಡಿನ ಹೆಸರೊಂದೇ! ಅವನ ಮೇಲೆ ನನಗೆ ಸಿಟ್ಟಿಲ್ಲ. ಬರೆದ ಸಾಲುಗಳ ಮೇಲೆ ಪ್ರೀತಿ ಸಹಜ. ಆದರೆ 1991ರ ಸೆಪ್ಟೆಂಬರಿನಲ್ಲಿ ಬಂದ ‘ಸ್ಕ್ರೀಮಡೆಲಿಕಾ’ ಆಲ್ಬಮ್ಮಿನ ‘ಡೋಂಟ್ ಫೈಟ್ ಇಟ್, ಫೀಲ್ ಇಟ್’ ಹಾಡಿನಲ್ಲಿ ಮುಖ್ಯ ಧ್ವನಿ ಡೆನೀಸ್ ಜಾನ್ಸನ್ ಅವರದು, ತಂಡದ ಗಾಯಕನದಲ್ಲ. ‘ಹೈಯರ್ ದ್ಯಾನ್ ದ ಸನ್’ ಹಾಡನ್ನು ಆ್ಯಂಬಿಯೆಂಟ್ ಎಂಬ ತೇಲುವಂಥ ಎಲೆಕ್ಟ್ರಾನಿಕ್ ಸಂಗೀತದ ‘ದಿ ಆರ್ಬ್’ ತಂಡದ ಕೈಗೊಪ್ಪಿಸಿದರು. ಹೀಗೆ ಸರಿದು ನಿಂತು ಜಾಗ ಕೊಟ್ಟ ತಂಡಕ್ಕೆ 1992ರಲ್ಲಿ ಬ್ರಿಟನ್ನಿನಲ್ಲಿ ಉತ್ತಮ ಆಲ್ಬಮ್ಮಿಗೆ ಕೊಡುವ ಮರ್ಕ್ಯುರಿ ಪ್ರಶಸ್ತಿ, ಅದೂ ಮೊತ್ತಮೊದಲನೆಯದು, ದೊರೆಯಿತು. ಆ ಕಾಲದ ಕ್ಲಬ್ಬುಗಳಲ್ಲಿ ಎಕ್ಸ್ಟಸಿ ಮಾದಕದ ಪಾತ್ರವಿತ್ತೆಂಬುದನ್ನು ಮುಚ್ಚಿಡಲಾಗದು. ಆದರೆ ಅದೇ ಗುಟ್ಟೆಂದು ನಂಬಿ ಬರುವವರನ್ನು ನಾನು ಬಾಗಿಲಿನಿಂದಲೇ ಕಳಿಸುತ್ತೇನೆ.

ನನ್ನ ವಾದಕ್ಕೆ ಒಗ್ಗದ ಸಂಗತಿಯೂ ಒಂದಿದೆ. ಮುಂದಿನ ಆಲ್ಬಮ್ಮಿಗೆ ತಂಡ ಅಮೆರಿಕದ ಮೆಂಫಿಸ್‌ಗೆ ಹೋಗಿ ಹಳೆಯ ರಾಕ್‌ಗೇ ಮರಳಿತು. 1994ರ ‘ರಾಕ್ಸ್’ ಹಾಡು 7ನೆಯ ಸ್ಥಾನಕ್ಕೇರಿ ‘ಲೋಡೆಡ್’ ಹಾಡನ್ನೂ ಮೀರಿಸಿತು. ಹಾಗಾದರೆ ಬರೀ ರಾಕ್ ಸಾಕಲ್ಲವೇ ಎಂದು ಚುರುಕಿನ ಹುಡುಗರು ಕೇಳುವುದುಂಟು. ಸಾಕಿರಬಹುದು, ಆದರೆ ಅಂಥದೇ ರಾಕ್ ನುಡಿಸಿದ್ದ 1989ರ ಆಲ್ಬಮ್ ಎಷ್ಟು ಜನರ ಕಿವಿಗೆ ಬಿದ್ದಿತ್ತು ಎಂದು ನಾನೂ ಮರುಪ್ರಶ್ನೆ ಹಾಕುತ್ತೇನೆ.