ಅತಿ ಕಡಿಮೆ ದರಕ್ಕೆ ಕೊಂಡರೂ ಕೆಲಸ ಏಕೆ ಸುಧಾರಿಸುವುದಿಲ್ಲ?

ಓದುಗರ ಪ್ರಶ್ನೆ: ಸರ್ಕಾರಿ ಸಂಸ್ಥೆಗಳು ನಿಯಮದಂತೆ ಟೆಂಡರ್ ಕರೆದು, ಅತಿ ಕಡಿಮೆ ದರ ನಮೂದಿಸಿದವರಿಂದಲೇ ಖರೀದಿಸುತ್ತವೆ. ಆದರೂ ಅವುಗಳ ಕಾರ್ಯಕ್ಷಮತೆ ಏಕೆ ಹೆಚ್ಚುವುದಿಲ್ಲ?

ಉತ್ತರ: ಟೆಂಡರ್ ತೆರೆದ ದಿನ ಕಾಣುವ ದರವು ಖರೀದಿಯ ಒಂದು ಹಂತದ ಮಾತು ಮಾತ್ರ. ಸಂಸ್ಥೆಯ ಕೆಲಸವನ್ನು ನಿಜವಾಗಿ ನಿರ್ಧರಿಸುವ ಸಂಗತಿಗಳು ಬಹುಪಾಲು ಅದಕ್ಕೆ ಮೊದಲು ಅಥವಾ ಅನಂತರ ನಡೆಯುತ್ತವೆ. ಆಸ್ಪತ್ರೆಯೊಂದು ಸ್ಕ್ಯಾನಿಂಗ್ ಯಂತ್ರವನ್ನು ಕೊಳ್ಳುವಾಗ ಬಿಡಿಭಾಗಗಳ ಪೂರೈಕೆ, ದುರಸ್ತಿಯ ಗಡುವು, ಸಿಬ್ಬಂದಿಯ ತರಬೇತಿ ಇವನ್ನು ಷರತ್ತುಗಳಲ್ಲಿ ಸೇರಿಸದಿದ್ದರೆ, ಕಡತದಲ್ಲಿ ಉಳಿತಾಯವೆಂದು ದಾಖಲಾದ ಹಣಕ್ಕೆ ಯಂತ್ರ ಕೆಟ್ಟು ನಿಂತ ದಿನಗಳಲ್ಲಿ ರೋಗಿಗಳೇ ಬೆಲೆ ತೆರಬೇಕಾಗುತ್ತದೆ. ಯುರೋಪಿಯನ್ ಒಕ್ಕೂಟವು 2014ರ ಖರೀದಿ ನಿರ್ದೇಶನದಲ್ಲಿ, ದರದ ಜೊತೆಗೆ ಗುಣಮಟ್ಟವನ್ನೂ ವಸ್ತುವಿನ ಪೂರ್ಣ ಬಾಳಿಕೆಯ ಅವಧಿಯ ವೆಚ್ಚವನ್ನೂ ಪರಿಗಣಿಸಲು ಅವಕಾಶ ನೀಡಿದ್ದು ಈ ಕಾರಣಕ್ಕಾಗಿಯೇ.

ಖರೀದಿಯಲ್ಲಿನ ನಷ್ಟವೆಂದೊಡನೆ ನಮಗೆ ಲಂಚವೇ ನೆನಪಾಗುತ್ತದೆ. ಆದರೆ ಇಟಲಿಯ ಸಾರ್ವಜನಿಕ ಸಂಸ್ಥೆಗಳು ಕೊಂಡ ಸಾಮಾನ್ಯ ಸರಕುಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಂದಾಜಿಸಿದ ಒಟ್ಟು ಪೋಲಿನಲ್ಲಿ ಶೇಕಡಾ 83ರಷ್ಟು ಯಾರ ಜೇಬನ್ನೂ ತುಂಬದ ಪೋಲು ಎಂದು ಕಂಡುಕೊಂಡಿತು. ಖರೀದಿಯ ಕೌಶಲವಿಲ್ಲದ ಸಿಬ್ಬಂದಿ, ಅತಿಯಾದ ನಿಯಮಗಳ ಹೊರೆ, ವೆಚ್ಚ ತಗ್ಗಿಸಲು ಪ್ರೇರಣೆಯೇ ಇಲ್ಲದಿರುವುದು ಇಂಥ ಪೋಲಿಗೆ ಕಾರಣವಾಗುತ್ತವೆ. ಭ್ರಷ್ಟಾಚಾರವನ್ನು ಲಘುವಾಗಿ ಕಾಣಬೇಕೆಂದು ಇದರರ್ಥವಲ್ಲ. ಅದನ್ನು ತಡೆಯಲೆಂದು ಸಹಿಗಳ ಸಂಖ್ಯೆಯನ್ನಷ್ಟೇ ಹೆಚ್ಚಿಸುತ್ತ ಹೋದರೆ ಈ ಎರಡನೆಯ ಬಗೆಯ ನಷ್ಟವು ಇನ್ನಷ್ಟು ಬೆಳೆಯಬಹುದೆಂಬುದನ್ನು ಮರೆಯಬಾರದು.

ಕಾಲವೂ ಮುಖ್ಯ. ಅಮೆರಿಕದ ಒಕ್ಕೂಟ ಸರ್ಕಾರದ ಖರೀದಿಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರ್ಥಿಕ ವರ್ಷದ ಕೊನೆಯ ವಾರದ ವೆಚ್ಚವು ಉಳಿದ ವಾರಗಳ ಸರಾಸರಿಯ ಸುಮಾರು ಐದು ಪಟ್ಟು ಇತ್ತು. ಆ ವಾರದಲ್ಲಿ ಒಪ್ಪಂದವಾದ ಮಾಹಿತಿ ತಂತ್ರಜ್ಞಾನ ಯೋಜನೆಗಳ ಗುಣಮಟ್ಟವೂ ಗಮನಾರ್ಹವಾಗಿ ಕಡಿಮೆಯಿತ್ತು. ಅನುದಾನ ರದ್ದಾದೀತೆಂಬ ಆತುರದಲ್ಲಿ ಅಗತ್ಯವನ್ನು ಅಳೆಯುವ ವ್ಯವಧಾನ ಯಾರಿಗೂ ಇರುವುದಿಲ್ಲ.

ಬಿಲ್ ಪಾವತಿಯ ವಿಳಂಬವನ್ನು ಇಲ್ಲಿ ಹೇಳಲೇಬೇಕು. ಹಣ ಯಾವಾಗ ಕೈಸೇರುವುದೋ ತಿಳಿಯದಿದ್ದಾಗ ಸಣ್ಣ ಪೂರೈಕೆದಾರರು ಟೆಂಡರ್‌ನಿಂದ ದೂರ ಉಳಿಯುತ್ತಾರೆ, ಉಳಿದವರು ಬಡ್ಡಿಯನ್ನೂ ಸೇರಿಸಿಯೇ ದರ ಹೇಳುತ್ತಾರೆ, ಹೀಗೆ ಸ್ಪರ್ಧೆ ಕುಗ್ಗುತ್ತದೆ. ಆದ್ದರಿಂದ ಒಂದು ಸಂಸ್ಥೆಯ ಖರೀದಿಯನ್ನು ಅಳೆಯುವವರು ಉಳಿಸಿದ ಹಣದ ಜೊತೆಗೆ, ಸರಕು ಗಡುವಿನೊಳಗೆ ಬಂದಿತೇ, ಎಷ್ಟು ಮಂದಿ ಬಿಡ್ ಸಲ್ಲಿಸಿದರು, ಒಂದು ವರ್ಷದ ನಂತರವೂ ಆ ವಸ್ತು ಬಳಕೆಯಲ್ಲಿದೆಯೇ ಎಂಬುದನ್ನೂ ದಾಖಲಿಸಬೇಕು.