ಸೂರ್ಯನ ಎದುರು ಹಾರುವ ಹಕ್ಕಿ: ಮೀಟರ್ ಮಾತು ಎಷ್ಟು ಕೇಳಬೇಕು?

ಬೆಳ್ಳಕ್ಕಿಯ ರೆಕ್ಕೆಯಲ್ಲಿ ಗರಿಗಳು ಹೇಗೆ ಜೋಡಿಕೊಂಡಿವೆ ಅಂತ ನೋಡಬೇಕಾದರೆ ಅದು ಸೂರ್ಯನಿಗೂ ನಮಗೂ ನಡುವೆ ಹಾರಬೇಕು. ಬಿಸಿಲು ನಮ್ಮ ಬೆನ್ನ ಹಿಂದಿದ್ದರೆ ರೆಕ್ಕೆ ಬರೀ ಬಿಳಿ. ಎದುರಿನಿಂದ ಬಂದರೆ ಒಂಟಿ ಗರಿ ಇರುವ ಕಡೆ ಬೆಳಕು ದಾಟಿ ಬರುತ್ತದೆ. ಎರಡು ಗರಿ ಒಂದರ ಮೇಲೊಂದು ಕೂತ ಕಡೆ ತುಸು ಕಪ್ಪಾಗುತ್ತದೆ. ಗರಿಯ ನಡುದಂಟು ಗೆರೆ ಎಳೆದಂತೆ ಎದ್ದು ಕಾಣುತ್ತದೆ. ಮೈಯ ಸುತ್ತ ಬೆಳಕಿನ ಅಂಚು ಬೇರೆ. ಇಷ್ಟೆಲ್ಲ ಇದ್ದರೂ ಹೊಸದಾಗಿ ಕ್ಯಾಮೆರಾ ಹಿಡಿದವರಿಗೆ ನಾವು ಹೇಳಿಕೊಡುವ ಮೊದಲ ಪಾಠ 'ಸೂರ್ಯ ಬೆನ್ನಿಗಿರಲಿ' ಅಂತ. ಶುರುವಿಗೆ ಅದು ಒಳ್ಳೆಯ ಪಾಠವೇ. ಆದರೆ ಅಲ್ಲೇ ನಿಂತುಬಿಟ್ಟರೆ ಹಾರುವ ಹಕ್ಕಿಯ ಅರ್ಧ ಚೆಲುವು ಕೈತಪ್ಪುತ್ತದೆ.

ಮುಂದೆ ಹೋಗುವ ಮೊದಲು ಕಣ್ಣಿನ ಮಾತು. ಇದರಲ್ಲಿ ರಿಯಾಯಿತಿ ಇಲ್ಲ. ಡಿಎಸ್‌ಎಲ್‌ಆರ್‌ನ ಕಿಂಡಿಯಲ್ಲಿ ನೀವು ನೋಡುವುದು ಲೆನ್ಸ್ ಒಟ್ಟುಮಾಡಿ, ಒಳಗಿನ ಕನ್ನಡಿ ಕಣ್ಣಿಗೆ ಕಳಿಸಿದ ನಿಜವಾದ ಬೆಳಕನ್ನೇ. 400 ಎಂಎಂ ಲೆನ್ಸ್ ಹಾಕಿಕೊಂಡು ಮೇಲೇರಿದ ಸೂರ್ಯನನ್ನು ಅದರಲ್ಲಿ ನೋಡಿದರೆ ಅಕ್ಷಿಪಟಲ ಸುಡುತ್ತದೆ. ಸುಡುವಾಗ ನೋವೂ ಆಗುವುದಿಲ್ಲ, ಯಾಕಂದರೆ ಅಕ್ಷಿಪಟಲಕ್ಕೆ ನೋವು ತಿಳಿಯುವುದಿಲ್ಲ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಆ ಕನ್ನಡಿ ಇಲ್ಲ, ಕಿಂಡಿಯೊಳಗೆ ಇರುವುದು ಪುಟ್ಟ ಪರದೆ, ಹಾಗಾಗಿ ಕಣ್ಣು ಬಚಾವ್. ಆದರೆ ಅಲ್ಲಿ ಸೆನ್ಸರ್ ಸುಡಬಹುದು. ಟ್ರೈಪಾಡ್ ಮೇಲೆ ಲೆನ್ಸನ್ನು ಸೂರ್ಯನ ಕಡೆ ತಿರುಗಿಸಿಟ್ಟು ಟೀ ಕುಡಿಯಲು ಹೋಗಬೇಡಿ. ಸೂರ್ಯನ ಬಿಲ್ಲೆಯೇ ಚಿತ್ರದಲ್ಲಿ ಬೇಕು ಅಂದರೆ ಅದು ದಿಗಂತದ ಮಬ್ಬಿನಲ್ಲಿ ಕೆಂಪಗೆ ಇಳಿದ ಮೇಲೆ, ಕೆಲವೇ ನಿಮಿಷ. ಆಗಲೂ ಪರದೆ ನೋಡಿಯೇ ಚೌಕಟ್ಟು ಹಿಡಿಯಿರಿ. ಉಳಿದ ಹೊತ್ತಿನಲ್ಲಿ ಸೂರ್ಯ ಚೌಕಟ್ಟಿನ ಹೊರಗೇ ಇರಲಿ. ರೆಕ್ಕೆ ಹೊಳೆಯಲು ಅಷ್ಟೇ ಸಾಕು.

ಈಗ ಮೀಟರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಅಳೆಯುವ ಸಾಧನ. ಕ್ಯಾಮೆರಾದೊಳಗಿನ ಮೀಟರ್ ಎದುರಿಗೆ ಏನೇ ಇರಲಿ, ಅದನ್ನು ನಡುಮಟ್ಟದ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಹೊಳೆಯುವ ಆಕಾಶವಿದ್ದರೆ ಬೆಳಕು ಜಾಸ್ತಿಯಾಯಿತು ಅಂತ ಕಡಿಮೆ ಮಾಡುತ್ತದೆ. ನಡುವೆ ಇರುವ ಹಕ್ಕಿ ಇದ್ದಿಲಾಗುತ್ತದೆ. ಎಕ್ಸ್‌ಪೋಶರ್ ಕಾಂಪನ್ಸೇಶನ್ ಅನ್ನು, ಅಂದರೆ ಮೀಟರ್ ಲೆಕ್ಕವನ್ನು ನಾವೇ ತಿದ್ದುವ ಸೌಲಭ್ಯವನ್ನು, ಒಂದೂವರೆ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ) ಮೇಲಕ್ಕೆ ಹಾಕಿದರೆ ಸರಿಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಕೂತ ಹಕ್ಕಿಗೆ ಸರಿಹೋಗುತ್ತದೆ. ಹಾರುವ ಹಕ್ಕಿ ಆಕಾಶ ಬಿಟ್ಟು ಬಿದಿರ ಮೆಳೆಯ ಮುಂದೆ ಬಂದ ಕೂಡಲೇ ಮೀಟರ್ ಮತ್ತೆ ಲೆಕ್ಕ ಬದಲಿಸುತ್ತದೆ. ಅಷ್ಟರಲ್ಲಿ ಹಕ್ಕಿಯ ಮೇಲೆ ಬೀಳುತ್ತಿರುವ ಬೆಳಕು ಬದಲಾಗಿದೆಯಾ? ಇಲ್ಲ ಅಲ್ವಾ? ಹಿನ್ನೆಲೆ ಮಾತ್ರ ಬದಲಾಗಿದೆ.

ಅದಕ್ಕೇ ನಾನು ಸೂರ್ಯನ ಎದುರು ನಿಂತಾಗ ಪೂರ್ತಿ ಮ್ಯಾನುಯಲ್, ಎಲ್ಲ ಸೆಟ್ಟಿಂಗೂ ನನ್ನ ಕೈಯಲ್ಲೇ. ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ಕೂಡ ಆಟೋ ಇಲ್ಲ. ಸಂಜೆ ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ ಲೆನ್ಸಿನ ತೆರವು ಎಫ್ 6.3, ಶಟರ್ ಸೆಕೆಂಡಿನ 1600ನೇ ಒಂದು ಭಾಗ, ಐಎಸ್‌ಒ 1600, ಇಲ್ಲಿಂದ ಶುರುಮಾಡುತ್ತೇನೆ. ನೆರಳಿನಲ್ಲಿರುವ ಹಕ್ಕಿಯ ಮೈಗೆ ಇದು ಹೆಚ್ಚುಕಡಿಮೆ ಹೊಂದುತ್ತದೆ. ಆಕಾಶ ಬಿಳುಚಿಕೊಳ್ಳುತ್ತದೆ, ಬಿಳುಚಿಕೊಳ್ಳಲಿ ಬಿಡಿ. ಬೆಳಕು ಮಿತಿಮೀರಿತು ಅಂತ ಪರದೆಯಲ್ಲಿ ಆಕಾಶ ಮಿನುಗಿ ಎಚ್ಚರಿಸಿದರೆ ಗಾಬರಿ ಬೇಡ. ಹಕ್ಕಿಯ ಬೆನ್ನಿನ ಅಂಚು ಅಗಲವಾಗಿ ಮಿನುಗಿದರೆ ಮಾತ್ರ ಮೂರನೇ ಒಂದು ಸ್ಟಾಪ್ ಇಳಿಸಿ. ಕಪ್ಪು ಆಕಾರ ಮಾತ್ರ ಬೇಕು ಅನಿಸಿದರೆ ಶಟರ್ 3200ಕ್ಕೆ, ಐಎಸ್‌ಒ 400ಕ್ಕೆ. ಮೂರು ಸ್ಟಾಪ್ ಕೆಳಗೆ. ಆಕಾಶದ ಬಣ್ಣ ವಾಪಸ್ ಬರುತ್ತದೆ, ಹಕ್ಕಿ ಕಪ್ಪಾಗುತ್ತದೆ. ಈ ಎರಡರ ನಡುವೆ ನಿಂತರೆ ಗರಿಯೂ ಇಲ್ಲ, ಆಕಾರವೂ ಇಲ್ಲ. ಯಾವುದು ಬೇಕು ಅಂತ ಕ್ಯಾಮೆರಾ ಎತ್ತುವ ಮೊದಲೇ ತೀರ್ಮಾನವಾಗಿರಬೇಕು. ಎರಡೂ ಸೆಟ್ಟಿಂಗನ್ನು ಬೇರೆ ಬೇರೆ ಗುಂಡಿಗಳಿಗೆ ಕೂರಿಸಿಕೊಂಡರೆ ಕೈ ತಾನಾಗಿ ಹೋಗುತ್ತದೆ.

ನೆರಳಿನ ಮೈಗೆ ಬೆಳಕು ಎಲ್ಲಿಂದ ಬರಬೇಕು ಅನ್ನುವುದು ಇದಕ್ಕಿಂತ ಮುಖ್ಯವಾದ ಪ್ರಶ್ನೆ. ನೀರಿನಿಂದ. ರಂಗನತಿಟ್ಟಿನಲ್ಲಿ ಕಾವೇರಿಯ ಮೇಲೆ ತಗ್ಗಿನಲ್ಲಿ ಹಾರುವ ನದಿ ರೀವವನ್ನು (ರಿವರ್ ಟರ್ನ್) ಗಮನಿಸಿ ನೋಡಿ. ಸೂರ್ಯ ಅದರ ಹಿಂದಿದ್ದರೂ ಹೊಟ್ಟೆ ಕಪ್ಪಾಗಿರುವುದಿಲ್ಲ. ನೀರಿಗೆ ಬಿದ್ದ ಬಿಸಿಲು ಪುಟಿದು ಕೆಳಗಿನಿಂದ ಹೊಟ್ಟೆಗೂ ರೆಕ್ಕೆಯ ಅಡಿಗೂ ಮೆತ್ತನೆ ಬಡಿಯುತ್ತದೆ. ಅದೇ ಹಕ್ಕಿ ಮರದೆತ್ತರಕ್ಕೆ ಏರಿದರೆ ಈ ಬೆಳಕು ಕಡಿಮೆಯಾಗುತ್ತಾ ಹೋಗುತ್ತದೆ. ದಟ್ಟ ಹಸಿರಿನ ಮೇಲೆ ಹಾರಿದರೆ ಇನ್ನೂ ಕಮ್ಮಿ. ಆದ್ದರಿಂದ ಎದುರು ಬೆಳಕಿನಲ್ಲಿ ನಾನು ಕಾಯುವುದು ನೀರಿಗೆ ಹತ್ತಿರವಾಗಿ ಹಾರುವ ಹಕ್ಕಿಗೆ. ತಲೆಯ ಮೇಲಿನ ಹಕ್ಕಿಗೆ ಲೆನ್ಸ್ ಎತ್ತುವುದೇ ಅಪರೂಪ.

ಎಲ್ಲ ರೆಕ್ಕೆಯೂ ಬೆಳಕು ಬಿಡುವುದಿಲ್ಲ ಅನ್ನುವುದೂ ನೆನಪಿರಲಿ. ಬೆಳ್ಳಕ್ಕಿ, ರೀವ, ಚಮಚಕೊಕ್ಕಿನ ರೆಕ್ಕೆಗಳು ಹೊಳೆಯುತ್ತವೆ. ಬಣ್ಣದ ಕೊಕ್ಕರೆಯ ಹಾರುಗರಿಗಳು ಕಪ್ಪು, ಅಲ್ಲಿ ಬೆಳಕು ದಾಟುವುದಿಲ್ಲ. ನೀರುಕಾಗೆಯಂತೂ ಪೂರ್ತಿ ಕಪ್ಪು. ಇವಕ್ಕೆ ಆಕಾರದ ಚಿತ್ರವೇ ಸರಿ.

ಗಾಳಿಯ ವಿಷಯವನ್ನು ಫೋಟೋ ತೆಗೆಯುವವರು ಅಷ್ಟಾಗಿ ತಲೆಗೆ ಹಾಕಿಕೊಳ್ಳುವುದಿಲ್ಲ. ದೊಡ್ಡ ಹಕ್ಕಿಗಳು ಇಳಿಯುವುದೂ ಏರುವುದೂ ಗಾಳಿಗೆ ಎದುರಾಗಿ. ಮೈಸೂರು ಕಡೆ ಚಳಿಗಾಲದಲ್ಲಿ ಸಾಮಾನ್ಯವಾಗಿ ಪೂರ್ವ, ಈಶಾನ್ಯದಿಂದ ಗಾಳಿ. ಸಂಜೆ ಸೂರ್ಯ ಪಶ್ಚಿಮದಲ್ಲಿ. ನೀವು ನೀರಿನ ಪೂರ್ವ ದಡದಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದರೆ ಕೊಕ್ಕರೆ ಪೂರ್ವಕ್ಕೆ ಮುಖ ಮಾಡಿ, ಅಂದರೆ ನೇರ ನಿಮ್ಮ ಕಡೆಗೇ ಇಳಿಯುತ್ತದೆ. ಹಿಂದೆ ಸೂರ್ಯ, ಎರಡೂ ರೆಕ್ಕೆ ಅಗಲ, ಕಾಲು ಇಳಿಬಿಟ್ಟುಕೊಂಡು. ಅದೇ ಋತುವಿನಲ್ಲಿ ಬೆಳಿಗ್ಗೆ ಸೂರ್ಯನ ಎದುರು ನಿಂತರೆ ಸಿಗುವುದು ಬರೀ ಬಾಲ. ಮುಂಗಾರಿನಲ್ಲಿ ಗಾಳಿ ನೈಋತ್ಯದಿಂದ ಬೀಸುತ್ತದೆ. ಆಗ ಎದುರು ಬೆಳಕಿಗೆ ಬೆಳಿಗ್ಗೆಯೇ ಒಳ್ಳೆಯದು, ಮೋಡ ಬಿಟ್ಟುಕೊಟ್ಟರೆ. ಒಂದು ಎಚ್ಚರ: ಮುಖಾಮುಖಿ ಬರುವ ಹಕ್ಕಿ ಕಪ್ಪು ಆಕಾರದಲ್ಲಿ ಗುರುತೇ ಸಿಗದ ಮುದ್ದೆಯಾಗುತ್ತದೆ. ಆಕಾರದ ಚಿತ್ರಕ್ಕೆ ಹಕ್ಕಿ ಅಡ್ಡ ಹಾಯಬೇಕು, ಕೊಕ್ಕು ಪಕ್ಕದಿಂದ ಕಾಣಬೇಕು, ರೆಕ್ಕೆ ಪೂರ್ತಿ ಮೇಲೋ ಪೂರ್ತಿ ಕೆಳಗೋ ಇರಬೇಕು.

ಸೂರ್ಯನ ಬಿಲ್ಲೆಯೊಳಗೆ ಹಕ್ಕಿ ಹಾಯುವ ಚಿತ್ರ ಎಲ್ಲರ ಆಸೆ. ಅದಕ್ಕೊಂದು ಸುಲಭ ಲೆಕ್ಕವಿದೆ. ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿ. ಯಾವುದೇ ವಸ್ತು ತನ್ನ ಅಗಲದ ಸುಮಾರು 108 ಪಟ್ಟು ದೂರದಲ್ಲಿದ್ದರೆ ಅಷ್ಟೇ ಅಗಲ ಕಾಣುತ್ತದೆ. ಬಣ್ಣದ ಕೊಕ್ಕರೆ ರೆಕ್ಕೆ ಬಿಚ್ಚಿದರೆ ಸುಮಾರು ಒಂದೂವರೆ ಮೀಟರ್. ಅಂದರೆ ಅದು 160 ಮೀಟರ್‌ಗಿಂತ ದೂರ ಇರಬೇಕು. ಸಣ್ಣ ಗೋವಕ್ಕಿಗೆ 100 ಮೀಟರ್ ಸಾಕು. ಹೆಜ್ಜಾರ್ಲೆಗೆ (ಪೆಲಿಕನ್) 270 ಮೀಟರ್ ಆದರೂ ಬೇಕು. ಹತ್ತಿರದ ಹಕ್ಕಿಗೆ ಕಾದು ಕೂತರೆ ಈ ಚಿತ್ರ ಸಿಗುವುದೇ ಇಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆಯಂಥ ಜಾಗ ಇದಕ್ಕೆ ಹೇಳಿಮಾಡಿಸಿದ್ದು. ಈ ಕಡೆಯ ದಡದಲ್ಲಿ ನೀವು, ಆ ಕಡೆಯ ಮರಗಳಿಗೆ ಸಂಜೆ ಮರಳುವ ಹಕ್ಕಿಗಳು, ನಡುವೆ ಬೇಕಾದಷ್ಟು ನೀರು. 400 ಎಂಎಂ ಲೆನ್ಸಿನಲ್ಲಿ ಸೆನ್ಸರ್ ಮೇಲೆ ಸೂರ್ಯ ಸುಮಾರು 3.7 ಎಂಎಂ ಅಗಲ ಬೀಳುತ್ತಾನೆ. ಫುಲ್ ಫ್ರೇಮ್‌ನ 24 ಎಂಎಂ ಎತ್ತರದಲ್ಲಿ ಅದು ಚಿಕ್ಕದೇ. ದೊಡ್ಡದು ಬೇಕಿದ್ದರೆ 600. ಸಿಗುವ ಹೊತ್ತು ಕಡಿಮೆ. ಸೂರ್ಯ ತನ್ನ ಅಗಲದಷ್ಟು ಸರಿಯಲು ಬರೀ ಎರಡು ನಿಮಿಷ. ನಮ್ಮ ಸೀಮೆಯಲ್ಲಿ ಅವನು ಇಳಿಯುವುದೂ ಹೆಚ್ಚುಕಡಿಮೆ ನೆಟ್ಟಗೆ. ಹಿಂದಿನ ಸಂಜೆಯೇ ಹೋಗಿ ಹಕ್ಕಿಗಳ ದಾರಿ ಯಾವುದು, ಸೂರ್ಯ ಎಲ್ಲಿ ಮುಳುಗುತ್ತಾನೆ ಅಂತ ನೋಡಿಟ್ಟುಕೊಳ್ಳಿ.

ಫೋಕಸ್ ಜಾರುತ್ತದೆ ಅಂತ ದೂರುವವರು ಮೊದಲು ಲೆನ್ಸಿನ ಮುಂದಿನ ಗಾಜು ನೋಡಲಿ. ಎದುರು ಬಿಸಿಲಿಗೆ ಅದರ ಮೇಲಿನ ಧೂಳು, ಬೆರಳಚ್ಚು ಎಲ್ಲವೂ ಮಂಜಿನಂತೆ ಹರಡಿಕೊಳ್ಳುತ್ತವೆ. ಕಾಂಟ್ರಾಸ್ಟ್ ಸತ್ತರೆ ಆಟೋಫೋಕಸ್ಸಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಯುವಿ ಫಿಲ್ಟರ್ ತೆಗೆದುಬಿಡಿ, ಲೆನ್ಸಿನ ಬಾಯಿಗೆ ನೆರಳು ಕೊಡುವ ಹುಡ್ ಹಾಕಿ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಜೋರಾಗಿ ಬಡಿಯುವ ರೆಕ್ಕೆ ಸೊಟ್ಟಗಾಗುವ ಕ್ಯಾಮೆರಾಗಳೂ ಇವೆ, ನಿಮ್ಮದು ಹೇಗೆ ಅಂತ ಮನೆ ಹತ್ತಿರದ ಪಾರಿವಾಳದ ಮೇಲೆ ಪರೀಕ್ಷಿಸಿ. ರಾ ಫೈಲ್, ಅಂದರೆ ಸೆನ್ಸರ್ ದಾಖಲಿಸಿದ ಮೂಲ ಮಾಹಿತಿ, ಕಡ್ಡಾಯ. ಕಂಪ್ಯೂಟರಿನಲ್ಲಿ ನೆರಳನ್ನು ಎರಡು ಸ್ಟಾಪ್‌ಗಿಂತ ಜಾಸ್ತಿ ಎತ್ತಬೇಡಿ. ಎತ್ತಿದರೆ ಗರಿ ಕಾಣುವುದೇನೋ ಹೌದು, ಆದರೆ ಎದುರು ಬೆಳಕಿನ ಗುಣವೇ ಹೋಗಿ ಚಿತ್ರ ಸಪ್ಪೆಯಾಗುತ್ತದೆ.

ಇನ್ನು ಬೇಸಿಗೆಯ ರಂಗನತಿಟ್ಟು. ಆಗ ಬಣ್ಣದ ಕೊಕ್ಕರೆಗಳು ಗೂಡಿನಲ್ಲಿ ಸೂರ್ಯನಿಗೆ ರೆಕ್ಕೆ ಅಡ್ಡ ಹಿಡಿದು ಮರಿಗಳಿಗೆ ನೆರಳು ಮಾಡಿ ನಿಂತಿರುತ್ತವೆ. ನೋಡಿದವರಿಗೆ ದೋಣಿ ಹತ್ತಿರ ಒಯ್ಯಿರಿ ಅನ್ನುವ ಆಸೆ ಹುಟ್ಟುತ್ತದೆ. ದಯವಿಟ್ಟು ದೋಣಿಯವರನ್ನು ಒತ್ತಾಯಿಸಬೇಡಿ. ತಾಯಿ ಹೆದರಿ ಎದ್ದರೆ ಗರಿ ಮೂಡದ ಮರಿ ಏಪ್ರಿಲ್ ಬಿಸಿಲಿಗೆ ಬರೀ ಮೈಯಲ್ಲಿ ಬೀಳುತ್ತದೆ. ಹಾರಿಸಲೆಂದು ಚಪ್ಪಾಳೆ ತಟ್ಟುವವರನ್ನು ನೋಡಿದರೆ ಅಲ್ಲೇ ತಡೆಯಿರಿ, ಕೇಳದಿದ್ದರೆ ಅರಣ್ಯ ಇಲಾಖೆಯ ಸಿಬ್ಬಂದಿಗೆ ಹೇಳಿ.